ಈ ಪ್ರಕಟಣೆಗೆ ಉತ್ತರಿಸುವಂತಿಲ್ಲ

ಗುರುವಾರ, ಸಂಜೆ

ಪ್ರೀತಿಯ ಡಂಗುರದವರೇ,

ಬೇರೆ ಮನೆ ಮಾಡಿದ ಮೇಲೂ ನಾನಿಟ್ಟ ಈ ಹೆಸರಿಗೆ ನಿಮಗೆ ಸಿಟ್ಟು ಬರಲಾರದು ಎಂದುಕೊಂಡಿದ್ದೇನೆ. ವಿಷಯ ನಮ್ಮ ಬಡಾವಣೆಯ ಇಮೇಲ್ ಬಳಗದ್ದು. ನಾವಿಬ್ಬರೂ ಸೇರಿ ಕಟ್ಟಿದ್ದು. ಪ್ರಕಟಣೆ ನಿಮ್ಮ ಪಾಲು, ಹರಟೆ ನನ್ನ ಪಾಲು. ಈಗ ಬಳಗದವರು ಅದನ್ನು ಪ್ರಕಟಣೆಗೊಂದು, ಹರಟೆಗೊಂದು ಎಂದು ಎರಡು ಮಾಡಿ ಎನ್ನುತ್ತಿದ್ದಾರೆ. ರಕ್ತದಾನ ಶಿಬಿರ, ಹಳೇ ಪುಸ್ತಕಗಳ ಮಾರಾಟ ಇವುಗಳ ನಡುವೆ ಯಾರ ಮಾತೂ ಕಾಣುವುದಿಲ್ಲವೆಂದು ಹರಟೆಯವರ ದೂರು. ಮಾತು ಶುರುವಾದರೆ ಕಾರ್ಯಕ್ರಮದ ತಾರೀಖೇ ಸಿಗುವುದಿಲ್ಲವೆಂದು ಮೂಲೆಯಂಗಡಿಯ ದರ್ಜಿಯಮ್ಮನ ತಕರಾರು. ಇಬ್ಬರದೂ ಸರಿಯೇ. ನಿಮ್ಮ ಒಪ್ಪಿಗೆಯೂ ಬೇಕಂತೆ.

ನಾನಂತೂ ಒಪ್ಪಲಾರೆ. ಕಾರಣ ಅವರಿಗೆ ಹೇಳಿಲ್ಲ, ನಿಮಗೆ ಹೇಳುತ್ತೇನೆ.

ನಮ್ಮ ಗುಬ್ಬಿ ಜ್ವರದಲ್ಲಿ ಹೋದ ದಿನ ನೀವು ಆ ಸುದ್ದಿಯನ್ನು ಪ್ರಕಟಣೆಯಾಗಿ ಹಾಕಿದಿರಿ. ಮಗಳ ಹೆಸರು, ವಯಸ್ಸು, ಅಂತಿಮ ದರ್ಶನದ ಸ್ಥಳ, ಸಮಯ. ಕೆಳಗೆ ನೀವೇ ಮಾಡಿದ ನಿಯಮದ ಸಾಲು: ಈ ಪ್ರಕಟಣೆಗೆ ಉತ್ತರಿಸುವಂತಿಲ್ಲ. ಜನ ಪಾಲಿಸಿದರು. ಮನೆಗೆ ಬಂದರು, ತಲೆ ತಗ್ಗಿಸಿ ನಿಂತರು, ಹೋದರು. ನಾನು ವಾರಗಟ್ಟಲೆ ಕಂಪ್ಯೂಟರಿನ ಮುಂದೆ ಕೂತೆ. ಅವಳು ಬೀದಿನಾಯಿಗೆ ಬಿಸ್ಕತ್ತು ಹಾಕುತ್ತಿದ್ದದ್ದು, ದರ್ಜಿಯಮ್ಮನ ಗುಂಡಿ ಡಬ್ಬಿ ಚೆಲ್ಲಿದ್ದು, ಏನಾದರೊಂದು ಯಾರಾದರೂ ಬರೆಯಲಿ ಎಂದು ಕಾದೆ. ಆ ಸಾಲು ತೆಗೆಯಿರಿ ಎಂದು ಅಂಗಲಾಚಿದಾಗ ನೀವು ಅಂದದ್ದು ಒಂದೇ ಮಾತು: "ಅವರೆಲ್ಲ ಬರೆದ್ರೆ ಓದೋಕೆ ನನ್ ಕೈಲಾಗಲ್ಲ ಕಣೆ." ಕಲ್ಲುಮನಸ್ಸಿನವರು ಎಂದು ನಾನು ಕೂಗಾಡಿದೆ. ಮರುವಾರ ನೀವು ಮನೆ ಬಿಟ್ಟಿರಿ.

ಬಳಗ ಎರಡಾದರೆ ಹಳೆಯ ಪತ್ರಗಳೂ ಹಂಚಿಹೋಗುತ್ತವೆ; ಅವಳು ಪ್ರಕಟಣೆಗಳ ಪಾಲಿಗೆ ಹೋಗುತ್ತಾಳೆ, ಯಾರೂ ಮಾತಾಡದ ಕಡೆಗೆ. ಬೇಕಾದರೆ ಪ್ರಕಟಣೆಗಳನ್ನೆಲ್ಲ ಸೋಮವಾರ ಒಂದೇ ಪತ್ರದಲ್ಲಿ ಕಳಿಸೋಣ, ಉಳಿದ ದಿನ ಹರಟೆ ಇರಲಿ. ಬಳಗ ಮಾತ್ರ ಒಂದೇ ಇರಲಿ. ಅವಳ ಸುದ್ದಿಯ ಕೆಳಗಿನ ಆ ಸಾಲು ತೆಗೆಯುವುದು ನಿಮ್ಮ ಕೈಯಲ್ಲೇ ಇದೆ. ನೀವು ಓದಬೇಡಿ. ನಾನು ಓದುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ನಿಮ್ಮ ಹರಟೆಮಲ್ಲಿ

ಇನ್ನೊಂದು ಮಾತು: ಪ್ರತಿ ತಿಂಗಳು ನೀವು ಹಾಕುವ 'ಭಾನುವಾರದ ನಡಿಗೆ, ಉದ್ಯಾನದ ಗೇಟಿನಿಂದ ಗ್ರಂಥಾಲಯದವರೆಗೆ' ಪ್ರಕಟಣೆಗೆ ಒಂದು ನರಪಿಳ್ಳೆಯೂ ಬರುವುದಿಲ್ಲ ಎಂದು ದರ್ಜಿಯಮ್ಮ ನಕ್ಕರು. ಗುಬ್ಬಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ನೀವು ಹೋಗುತ್ತಿದ್ದ ದಾರಿ ಅದೆಂದು ಅವರಿಗೆ ಗೊತ್ತಿಲ್ಲ. ನೀವು ಗೇಟಿನ ಬಳಿ ಕಾದು ಕಾದು ಕೊನೆಗೆ ಒಬ್ಬರೇ ಹೊರಡುವುದನ್ನು ರಸ್ತೆಯಾಚೆ ನಿಂತು ನಾನು ನೋಡಿದ್ದೇನೆ. ಪ್ರತಿ ಸಲವೂ ನೋಡಿದ್ದೇನೆ. ಈ ಭಾನುವಾರ ರಸ್ತೆ ದಾಟಿ ಬರುತ್ತೇನೆ. ಪ್ರಕಟಣೆ ಹಾಕಬೇಡಿ, ಕಾಯಿರಿ.