ಅರ್ಧ ಬೀಳಬೇಕಾದ ಮನೆ

ಅಮರಗೋಳ
ತಾ. ೧೨-೯-೨೦೨೫

ಮಗಳು ಭಾಗ್ಯಶ್ರೀಗೆ ಅಪ್ಪನ ಆಶೀರ್ವಾದ.

ನಾನು ಕ್ಷೇಮ, ನೀವೆಲ್ಲ ಕ್ಷೇಮವೇ ಅಂತ ಕೇಳುವುದಿಲ್ಲ. ಆ ಮನೆಯಲ್ಲಿ ಇರುವ ತನಕ ನೀವು ಕ್ಷೇಮ ಇಲ್ಲ. ಫೋನಿನಲ್ಲಿ ಹೇಳಹೋದರೆ ನನ್ನ ಬಾಯಿಗೆ ಬೈಗುಳ ಮೊದಲು ಬರುತ್ತದೆ, ನೀನು ಕಟ್ ಮಾಡುತ್ತೀ. ಅದಕ್ಕೆ ಕಾಗದ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನ ಅಕ್ಷರ. ನಗಬೇಡ, ಕೊನೆತನಕ ಓದು.

ಗಣಪತಿ ಕಳಿಸಿದ ಮರುದಿನ ರೆಹಮತ್‌ಬಿ ನನ್ನನ್ನು ಕರೆಸಿದ್ದರು. ನಿಮ್ಮದೇ ಕಟ್ಟಡದ ಮೂಡಲ ಅರ್ಧದಲ್ಲಿ, ಕೆಳಗಿನ ಅಂತಸ್ತಿನ ಅವರ ಖೋಲಿಯ ಬಾಗಿಲು ಹಾಕಲು ಬರುತ್ತಿರಲಿಲ್ಲ. "ಮಿಸ್ತ್ರಿ, ಬಾಗಲಾ ಉಬ್ಬೇತಿ, ಸ್ವಲ್ಪ ಹೆರದು ಕೊಡ್ರಿ" ಅಂದರು. ಬಾಗಿಲು ಉಬ್ಬಿರಲಿಲ್ಲ, ಚೌಕಟ್ಟೇ ಓರೆಯಾಗಿತ್ತು. ಪಕ್ಕದ ಕಂಬದ ಬುಡಕ್ಕೆ ಉಳಿ ಚುಚ್ಚಿ ನೋಡಿದೆ. ಹಿಡಿಕೆಯ ತನಕ ಹೋಯಿತು, ನೆನೆದ ಅವಲಕ್ಕಿಯೊಳಗೆ ಹೋದ ಹಾಗೆ. ಬಚ್ಚಲ ನೀರು ಇಳಿದು ಇಳಿದು ಒಳಗೆಲ್ಲ ಪೊಳ್ಳು. ಆ ಸಾಲಿನ ನಾಲ್ಕೂ ಕಂಬ ಹಾಗೇ ಇವೆ. ಒಂದೇ ಆಗಿದ್ದರೆ ಹೆದರುತ್ತಿರಲಿಲ್ಲ. ಆ ಮನೆಯ ತೊಲೆಗಳು ಉದ್ದ. ಒಂದು ಕಂಬ ಹೋದರೆ ಅಕ್ಕಪಕ್ಕದ ಎರಡು ಹೊರುತ್ತವೆ. ಸಾಲಿಗೆ ಸಾಲೇ ಕೂತರೆ ಮೂರು ಅಂತಸ್ತಿನ ಸಾಗವಾನಿಯನ್ನು ಯಾರು ಹೊರಬೇಕು, ನಿನ್ನ ಗಂಡನೇ?

ಅವನಿಗೂ ಹೇಳಿದೆ. ನಿನ್ನ ಶಂಭುಲಿಂಗ ಅಂದದ್ದು ಇಷ್ಟು: "ಮಾವಾರ, ವಾಲಿದ್ದು ಅವರ ಅರ್ಧ. ನಾವಿರೂದು ಪಡುವಲ ಅರ್ಧದಾಗ. ನಮಗೇನಾಕ್ಕೈತ್ರಿ?" ಯಾರೋ ಎಂಜಿನಿಯರನ್ನು ಕರೆತಂದು ತೋರಿಸಿದನಂತೆ. ಆ ಮನುಷ್ಯ ನಡುವೆ ನಾನು ಹಾಕಿದ ಕಬ್ಬಿಣದ ಪಟ್ಟಿ ನೋಡಿ, "ಯಾರ ಕೈಕೆಲಸರಿ ಇದು? ಛಲೋ ಮಾಡ್ಯಾರ. ಇಡೀ ಬಿಲ್ಡಿಂಗ ಒಂದಾಗಿ ಹಿಡದೈತಿ" ಅಂದನಂತೆ. "ನಿಮ್ಮನ್ನ ಹೊಗಳಿದ್ರೂ ಮಾರಿ ಯಾಕ ಹಿಂಗ ಮಾಡ್ತೀರಿ?" ಅಂತ ಶಂಭುಲಿಂಗ ನಕ್ಕ. ಕಪಾಳಕ್ಕೆ ಕೊಡಬೇಕೆನಿಸಿತು. ಅವನಿಗಲ್ಲ, ನನಗೆ.

ಈಗ ನಿನಗೆ ಹೇಳದೆ ಇದ್ದದ್ದನ್ನು ಹೇಳುತ್ತೇನೆ. ಆ ಕಟ್ಟಡವನ್ನು ಕಟ್ಟಿದವರು ನನ್ನ ಗುರು ಅರ್ಜುನಪ್ಪನವರ ತಂದೆ. ನಡುವೆ ಎರಡು ಸಾಲು ಕಂಬ ನಿಲ್ಲಿಸಿದ್ದರು. ಮೂಡಲ ತೊಲೆಗೆ ಒಂದು ಸಾಲು, ಪಡುವಲ ತೊಲೆಗೆ ಒಂದು ಸಾಲು. ಎರಡಕ್ಕೂ ನಡುವೆ ಒಂದು ಬೆಣೆ ಕೂಡ ಇರಲಿಲ್ಲ. ನಾನು ಕೆಲಸ ಕಲಿಯುವ ಹುಡುಗ, ಇದನ್ನು ಜೋಡಿಸುವುದು ಮರೆತಿದ್ದಾರೆ ಅಂದೆ. ಅರ್ಜುನಪ್ಪ ಅಳತೆಗೋಲಿನಿಂದ ನನ್ನ ತಲೆಗೆ ಕುಟ್ಟಿ, "ಮೋನ್ಯಾ, ಮನಿ ಕಟ್ಟೂ ಮುಂದ ಅದು ಬೀಳೂದನ್ನೂ ಕಟ್ಟಬೇಕಲೇ. ಬಿದ್ರ ಅರ್ಧ ಬೀಳ್ಲಿ. ಉಳಿದರ್ಧದ ಮಂದಿ ಎದ್ದು ಹೊರಗ ಬರ್ಲಿ" ಅಂದರು. ಮುದುಕ ಏನೋ ಅನ್ನುತ್ತಾನೆ ಅಂದುಕೊಂಡೆ.

ನೀನು ಸೊಸೆಯಾಗಿ ಹೋದೆ. ಐಶ್ವರ್ಯಾ ಹೊಟ್ಟೆಯಲ್ಲಿದ್ದಳು. ನಿಮ್ಮ ಪಡಸಾಲೆಯ ಅಂಚಿಗೆ ಎರಡು ಬೆರಳಿನ ಸಂದು ಇತ್ತಲ್ಲ, ಆ ಕಡೆಯವರು ನಡೆದರೆ ಅವರ ನೆಲ ಬೇರೆ ಅಲ್ಲಾಡುತ್ತಿತ್ತು, ನಿಮ್ಮದು ಬೇರೆ. "ಅಪ್ಪಾ, ಇಲ್ಲಿ ತೊಟ್ಟಲಾ ಕಟ್ಟಾಕ ಅಂಜಿಕಿ ಬರತೈತಿ" ಅಂದೆ. ಮೂರೂ ಅಂತಸ್ತಿಗೆ ಸೇರಿ ಹದಿನಾರು ಪಟ್ಟಿ ಹಾಕಿ, ಎರಡು ಅರ್ಧಗಳನ್ನು ಬೋಲ್ಟಿನಿಂದ ಬಿಗಿದೆ. ಸಂದು ಮುಚ್ಚಿತು. ಓಣಿಯೆಲ್ಲ ಶಹಬ್ಬಾಸ್ ಅಂದಿತು. ಈಗ ಮೂಡಲ ಅರ್ಧ ಕೂತರೆ ಸುಮ್ಮನೆ ಕೂರುವುದಿಲ್ಲ, ಆ ಹದಿನಾರು ಪಟ್ಟಿ ಹಿಡಿದು ನಿಮ್ಮ ಅರ್ಧವನ್ನೂ ಎಳೆದುಕೊಂಡು ಹೋಗುತ್ತದೆ. ಎಂಜಿನಿಯರ್ ಹೊಗಳಿದ್ದು ಇದನ್ನೇ.

ಬಿಚ್ಚಿಬಿಡೋಣ ಅಂತ ಕಳೆದ ವಾರ ನಟ್ಟು ಬಿಚ್ಚುವ ಪಾನಾ ತಗೊಂಡು ಹೋದೆ. ಕೆಳಗಿನ ಅಂತಸ್ತಿನಲ್ಲಿ ಏಣಿ ಇಟ್ಟು ಮೊದಲ ಪಟ್ಟಿಗೆ ಬೆರಳಿನಿಂದ ಬಡಿದರೆ ತಂತಿಯ ಹಾಗೆ ನಾದ ಬಂತು. ಮೂಡಲ ಅರ್ಧ ಆಗಲೇ ಅದಕ್ಕೆ ಜೋತು ಬಿದ್ದಿದೆ. ನಟ್ಟು ತಿರುಗಿಸಿದರೆ ಅದೇ ಗಳಿಗೆಗೆ ರೆಹಮತ್‌ಬಿ, ಅವರ ಮೇಲಿನ ಎರಡು ಸಂಸಾರ ಮಣ್ಣಾಗುತ್ತವೆ. ತಿರುಗಿಸದಿದ್ದರೆ ಯಾವತ್ತೋ ಒಂದು ದಿನ ಎಲ್ಲರೂ. ಆಸರೆಗೆ ಒಂದು ತೊಲೆಯ ತುಂಡು ನಿಲ್ಲಿಸಿದೆ. ನೆಲವೇ ರಾಡಿಯಾಗಿದೆ, ಮರುದಿನ ನೋಡಿದರೆ ನಾಲ್ಕು ಬೆರಳು ಇಳಿದಿತ್ತು. ಖೋಲಿ ಬಿಡಿರಿ ಅಂತ ರೆಹಮತ್‌ಬಿಗೆ ಕೈಮುಗಿದೆ. "ಅವತ್ತ ಪಟ್ಟಿ ಬಿಗದು ನಿಶ್ಚಿಂತಿ ಮಲ್ಕೋರಿ ಅಂದವರೂ ನೀವ, ಇವತ್ತ ಏಳ್ರಿ ಅನ್ನವರೂ ನೀವ. ಯಾವ ಮಾತ ಕೇಳೂಣ್ರಿ?" ಅಂದರು.

ಐವತ್ತೈದು ವರ್ಷ ಕಟ್ಟಿಗೆ ಕೆಲಸ ಮಾಡಿದ ಕೈ ಇವು. ಈಗ ಹಾಕಲೂ ಬರುವುದಿಲ್ಲ, ತೆಗೆಯಲೂ ಬರುವುದಿಲ್ಲ. ನೀವು ಇಳಿದು ಬಂದರೆ ಆ ಕಡೆಯವರೂ ನಂಬಿ ಇಳಿಯುತ್ತಾರೆ. ಕಟ್ಟಡ ಖಾಲಿಯಾದರೆ ಸಾಕು, ಬೇಕಾದಂತೆ ಬೀಳಲಿ. ಇಲ್ಲಿ ಎರಡು ಖೋಲಿ ಇವೆ, ಮೇಲೆ ತಗಡು. ಬಿದ್ದರೂ ತಗಡು ಬೀಳುತ್ತದೆ. ಸಾಮಾನು ಕಟ್ಟುತ್ತಾ ಕೂರಬೇಡ. ಐಶ್ವರ್ಯಾಳನ್ನು ಕರೆದುಕೊಂಡು ಬಾ. ಶಂಭುಲಿಂಗ ಬರದಿದ್ದರೆ ಅವನಿಗೆ ಕೇಳಿಸುವ ಹಾಗೆ ಅತ್ತಾದರೂ ಬಾ.

ಬಯ್ಯುವುದಷ್ಟೇ ಗೊತ್ತಿದ್ದು ಈಗ ಬೇಡುತ್ತಿರುವ ನಿನ್ನ ಅಪ್ಪ,
ಮೋನಪ್ಪ ಬಡಿಗೇರ

ತಾ. ಕ.: ಉಳಿ ಚುಚ್ಚಿದ್ದು ಗಣಪತಿ ಕಳಿಸಿದ ಮರುದಿನ ಅಂತ ಮೇಲೆ ಬರೆದಿದ್ದೇನೆ. ಅದು ಎರಡನೇ ಸಲ. ಮೊದಲ ಸಲ ಚುಚ್ಚಿ ನಾಲ್ಕು ವರ್ಷವಾಯಿತು. ಆಗ ಒಂದೇ ಕಂಬ ಪೊಳ್ಳಾಗಿತ್ತು. ನನ್ನ ಕೆಲಸದ ಹೆಸರು ಕೆಡುತ್ತದೆ ಅಂತ ತೂತಿಗೆ ಮೇಣ ತುಂಬಿ, ಬಣ್ಣ ಹಚ್ಚಿ ಬಂದೆ. ಐಶ್ವರ್ಯಾ ದೊಡ್ಡವಳಾದ ಕಾರ್ಯದಲ್ಲಿ ಮುಂದೆ ಕೂಡ್ರಿಸಲಿಲ್ಲ ಎಂಬ ಸಿಟ್ಟಿಗೆ ಅಪ್ಪ ನಾಲ್ಕು ವರ್ಷದಿಂದ ನಮ್ಮ ಮೆಟ್ಟಿಲು ಹತ್ತಿಲ್ಲ ಅಂತ ನೀನು ಬೀಗರ ಮುಂದೆಲ್ಲ ಹೇಳುತ್ತೀಯಂತೆ. ನಾನೂ ಹೌದೆನ್ನುತ್ತ ಬಂದೆ. ಸಿಟ್ಟಲ್ಲ, ಮಗಳೆ. ಒಂದೇ ಕಂಬ ಪೊಳ್ಳಾದಾಗಲೇ ನನಗೆ ಜೀವದ ಭಯವಿತ್ತು.