ರೇಡಿಯೇಟರಿನ ಹಳದಿ ನೀರು

ಖಾನಾಪುರ
ತಾ. ೯ ಎಪ್ರಿಲ್ ೧೯೮೧, ಗುರುವಾರ

ಪ್ರೀತಿಯ ತಮ್ಮ ಬಾಳಪ್ಪಾ,

ನಿನ್ನ ಮೈ ಹೇಗಿದೆ? ಆ ಹಿಮದ ಊರಿನಲ್ಲಿ ಬೆಳಗಾದರೆ ಮೊಣಕಾಲು ಹಿಡಿದುಕೊಳ್ಳುತ್ತದೆ ಎಂದು ಬರೆದಿದ್ದೆ. ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹಚ್ಚಿಕೋ. ಪಲ್ಟನ್ನಿನ ಡಾಕ್ಟರು ಕೊಟ್ಟ ಗುಳಿಗೆ ನುಂಗದೆ ಇಟ್ಟುಕೊಂಡಿರುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು, ಅದನ್ನೂ ನುಂಗು. ಇಲ್ಲಿ ನಿನ್ನ ಅತ್ತಿಗೆ ಭರಮವ್ವನ ಕೆಮ್ಮು ಸ್ವಲ್ಪ ಇಳಿದಿದೆ. ನಿನ್ನ ಹೆಂಡತಿ ಗಂಗಾದೇವಿ ಚೆನ್ನಾಗಿದ್ದಾಳೆ. ಹುಡುಗಿಯರಿಬ್ಬರೂ ಚೆನ್ನಾಗಿದ್ದಾರೆ. ಸಣ್ಣವಳು ಅಪ್ಪ ಎಂದರೆ ಪೋಸ್ಟಿನವನು ಚೀಲದಲ್ಲಿ ತರುವ ಸಾಮಾನು ಎಂದುಕೊಂಡಿದ್ದಾಳೆ, ಅವನ ಚೀಲದಲ್ಲಿ ಕೈ ಹಾಕಿ ಬೈಸಿಕೊಂಡಳು. ನಾನು ಅವನಿಗೆ ತಿರುಗಿ ಬೈದೆ.

ನಿನ್ನ ಕಾಗದ ಮೂರು ಸಲ ಓದಿದೆ. ಇನ್ನೆರಡು ವರ್ಷ ಪಲ್ಟನ್ನಿನಲ್ಲಿ ಇರುತ್ತೇನೆ ಎಂಬ ಕಾಗದಕ್ಕೆ ಈ ತಿಂಗಳ ಕೊನೆಯೊಳಗೆ ಸಹಿ ಮಾಡಬೇಕು, ಮಾಡದಿದ್ದರೆ ಜೂನಿನಲ್ಲಿ ಬಿಟ್ಟು ಕಳಿಸುತ್ತಾರೆ, ನಾನು ಮಾಡುವುದಿಲ್ಲ, ಹದಿನೈದು ವರ್ಷ ಸಾಕು, ಮನೆಯಲ್ಲಿ ಗಾಡಿ ತಯಾರಿದೆ, ಬಂದ ಮರುದಿನವೇ ಖಾನಾಪುರ–ಬೆಳಗಾವಿ ಟ್ಯಾಕ್ಸಿ ಹೊಡೆಯುತ್ತೇನೆ ಎಂದು ಬರೆದಿದ್ದೀಯ. ಆ ಗಾಡಿಯ ಸುದ್ದಿ ಹೇಳುವುದಿದೆ. ಪೂರ್ತಿ ಓದು. ನಡುವೆ ಹರಿದು ಬಿಸಾಕಬೇಡ.

ದೀಪಾವಳಿ ಮುಗಿದ ಮೇಲೆ ಕೊಂಡದ್ದು ನಿನಗೆ ಗೊತ್ತಿದೆ. ನೀನು ಕಳಿಸಿದ ಎಂಟು ಸಾವಿರ ಮತ್ತು ನಾನು ಮಾರಿದ ನಲವತ್ತು ಕುರಿ, ಅಷ್ಟೂ ಅದರೊಳಗೆ ಹೋಯಿತು. ಹೇಗೆ ಕೊಂಡೆ ಎಂಬುದನ್ನು ಮಾತ್ರ ಇಲ್ಲಿಯವರೆಗೆ ಬರೆಯಲಿಲ್ಲ. ಗ್ಯಾರೇಜಿನ ಸಮದ ಮಿಸ್ತ್ರಿಗೆ ತೋರಿಸದೆ ಕೈ ಹಾಕಬೇಡ ಎಂದು ನೀನು ಎರಡು ಕಾಗದದಲ್ಲಿ ಬರೆದಿದ್ದೆ. ನಾನು ಅವನನ್ನು ಕರೆದುಕೊಂಡೇ ಬೆಳಗಾವಿಯ ಖಾಸಬಾಗಕ್ಕೆ ಹೋದೆ, ಅದು ಖರೆ. ಮಾರುವವನು ಗುರುಪುತ್ರಪ್ಪ ಎಂಬ ಕಾಳಿನ ವ್ಯಾಪಾರಿ. ಅಂಗಳದಲ್ಲಿ ಕರಿ ಅಂಬಾಸಿಡರ್ ತೊಳೆದು ನಿಲ್ಲಿಸಿದ್ದ, ಮುಖ ಕಾಣುವಷ್ಟು ಹೊಳಪು. ಹತ್ತೊಂಬತ್ತು ವರ್ಷ ಹಳೆಯದು ಎಂದರೆ ಯಾರೂ ನಂಬುವುದಿಲ್ಲ. ಸಮದ ಬಾನೆಟ್ ಎತ್ತಿ ರೇಡಿಯೇಟರಿನ ಮುಚ್ಚಳ ತೆಗೆದ. ಒಳಗಿನ ನೀರು ಹಳದಿ. ನಾನು ಬೆರಳು ಅದ್ದಿ ಮೂಸಿದೆ, ಅರಿಶಿಣ. ಬಾಳಪ್ಪಾ, ನಮ್ಮ ಮನೆಯಲ್ಲಿ ಟಗರು ಕೊಂಡರೂ ಹಣೆಗೆ ಮಾಯಕ್ಕದೇವಿಯ ಭಂಡಾರದ ಅರಿಶಿಣ ಹಚ್ಚದೆ ಹಟ್ಟಿಯೊಳಗೆ ಬಿಟ್ಟವರಲ್ಲ. ಇವನು ಗಾಡಿಯ ಹೊಟ್ಟೆಯೊಳಗೇ ಭಂಡಾರ ಹಾಕಿದ್ದಾನೆ, ಇಂಥ ಮನುಷ್ಯ ಮೋಸ ಮಾಡುವನೇ ಎಂದುಕೊಂಡೆ. ಚಪ್ಪಲಿ ಬಿಟ್ಟು ಕೈ ಮುಗಿದೆ. ಸಮದ ನನ್ನ ಕಿವಿಯ ಹತ್ತಿರ ಬಂದು "ಕಾಕಾ, ನೀರು ಯಾಕ ಹಿಂಗೈತಿ, ಒಂದ ಮಾತ ಕೇಳ್ರಿ" ಅಂದ. "ಭಂಡಾರದ ಮಾತ ನಿನಗೇನ ತಿಳೀತೈತೋ, ಬಾಜು ಸರಿ" ಎಂದು ನಾಲ್ಕು ಮಂದಿಯ ಎದುರಿಗೆ ಗದರಿಸಿದೆ. ಅವನು ಕೈ ಒರೆಸಿಕೊಂಡು ದೂರ ನಿಂತ. ಗಾಡಿ ಓಡಿಸಿಯೂ ನೋಡಲಿಲ್ಲ. ದುಡ್ಡು ಕೊಟ್ಟೆ.

ಆಮೇಲೆ ಶುರುವಾಯಿತು. ಮೊದಲು ಸೆಲ್ಫ್ ಸತ್ತಿತು, ದಿನಾ ಮುಂಜಾನೆ ಓಣಿಯ ಗಂಡಸರು ಬಂದು ದೂಡಬೇಕು. ದೂಡುವವರಿಗೆ ಭರಮವ್ವ ಚಹಾ ಮಾಡಿ ಮಾಡಿ ಸಕ್ಕರೆ ಡಬ್ಬಿ ಬರಿದಾಯಿತು. ಬ್ಯಾಟರಿ ಹೊಸದು ಹಾಕಿಸಿದೆ. ಸ್ಟೇರಿಂಗ್ ಅರ್ಧ ಸುತ್ತು ತಿರುಗಿಸಿದ ಮೇಲೆ ಗಾಲಿಗೆ ಸುದ್ದಿ ಮುಟ್ಟುತ್ತಿತ್ತು, ಅದನ್ನು ಮಾಡಿಸಿದೆ. ಬ್ರೇಕಿನ ಎಣ್ಣೆ ಸೋರಿತು, ಎರಡು ಟಾಯರು ಹೋದವು. ಎಡಗಡೆಯ ಹಿಂದಿನ ಬಾಗಿಲು ತಿರುವಿನಲ್ಲಿ ತಾನಾಗಿ ತೆರೆಯುತ್ತಿತ್ತು, ಕುರಿ ಕಟ್ಟುವ ಹಗ್ಗದಿಂದ ಅದನ್ನು ಬಿಗಿದೆ. ಪೆಟ್ರೋಲು ಕುಡಿಯುವುದನ್ನು ನಾನು ಬರೆಯುವುದಿಲ್ಲ, ನಿನಗೆ ಅಲ್ಲಿ ಊಟ ಸೇರುವುದಿಲ್ಲ. ಬಂದ ಬಾಡಿಗೆಯೆಲ್ಲ ಗಾಡಿಯೇ ತಿಂದಿತು, ಸಾಲದ್ದಕ್ಕೆ ಉಳಿದ ಹನ್ನೊಂದು ಕುರಿ ಒಂದೊಂದಾಗಿ ಅದರ ಹಿಂದೆ ಹೋದವು. ಹಟ್ಟಿಯಲ್ಲಿ ಈಗ ಕುರಿ ಇಲ್ಲ. ಅದನ್ನೂ ನಿನಗೆ ತಿಳಿಸಿರಲಿಲ್ಲ. ನೀನು ಬರುವ ತನಕ ಎಳೆದರೆ ಸಾಕು, ನಿನ್ನ ಕೈಗೆ ಬಂದರೆ ಸರಿಹೋಗುತ್ತದೆ ಎಂದು ದಿನ ದೂಡುತ್ತಿದ್ದೆ.

ಹೋದ ತಿಂಗಳು ಖಾನಾಪುರದ ಒಂದು ಮದುವೆಯ ಮಂದಿ ಬೆಳಗಾವಿಗೆ ಹೊರಟರು. ಸಮದನ ತಮ್ಮ ಕಲಂದರ ಓಡಿಸುತ್ತಿದ್ದ, ನಾನು ಅವನ ಪಕ್ಕದಲ್ಲಿ. ಪೀರನವಾಡಿ ಮುಟ್ಟುವಷ್ಟರಲ್ಲಿ ಬಾನೆಟಿನಿಂದ ಹೊಗೆ ಎದ್ದಿತು. ಕಲಂದರ ರಸ್ತೆ ಬದಿಗೆ ನಿಲ್ಲಿಸಿ "ಎಲ್ಲಾರೂ ಇಳೀರಿ, ಅರ್ಧಾ ತಾಸ ಆರಲಿ" ಅಂದ. ಮುಹೂರ್ತಕ್ಕೆ ಅರ್ಧ ತಾಸೂ ಉಳಿದಿರಲಿಲ್ಲ. ಮದುಮಗನ ಸೋದರಮಾವ ರುಮಾಲು ಸರಿ ಮಾಡಿಕೊಳ್ಳುತ್ತಾ "ಸತ್ಯಪ್ಪಾ, ನಿನ್ನ ಟಗರಿನ ಮ್ಯಾಲೆ ಕುಂತ ಬಂದಿದ್ರ ಇಷ್ಟೊತ್ತಿಗೆ ಅಕ್ಷತಾ ಬಿದ್ದು ಊಟಕ್ಕ ಕುಂದರತಿದ್ವಿ" ಅಂದ. ಎಲ್ಲರೂ ನಕ್ಕರು. ಹೆಂಗಸರೂ ನಕ್ಕರು. ನನ್ನ ತಲೆ ಗಾಡಿಗಿಂತ ಹೆಚ್ಚು ಕಾಯಿತು. ಬಾವಿಯಿಂದ ಎರಡು ಕೊಡ ನೀರು ತಂದೆ. ಕಲಂದರ ಅಡ್ಡ ಬಂದ. "ಕಾಕಾ, ತಡೀರಿ, ತಣ್ಣೀರ ಹಾಕಬ್ಯಾಡ್ರಿ, ಕೈ ಮುಗೀತೀನಿ." "ಕುದ್ಯಾಕತ್ತಿದ್ದಕ್ಕ ತಣ್ಣೀರ ಬ್ಯಾಡಂತ, ಯಾವ ಸಾಲ್ಯಾಗ ಕಲ್ತೀಯೋ ಇದನ್ನ?" ಎಂದು ಅವನನ್ನು ದೂಡಿ, ಎರಡೂ ಕೊಡ ಎಂಜಿನ್ನಿನ ಮೇಲೆ ಸುರಿದೆ. ಟಪ್ ಎಂದು ಒಂದು ಸಪ್ಪಳ. ಅಷ್ಟೇ. ಎಲುಬು ಮುರಿದ ಹಾಗೆ. ಕಲಂದರ ರಸ್ತೆಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತ. ಮದುವೆಯವರು ಸಿಕ್ಕ ಲಾರಿ ಹತ್ತಿ ಹೋದರು.

ಎತ್ತು ಕಟ್ಟಿ ಗಾಡಿಯನ್ನು ಗ್ಯಾರೇಜಿಗೆ ಎಳೆಸಿದೆ. ಸಮದ ಬಿಚ್ಚಿ ನನ್ನನ್ನು ಕರೆದು ತೋರಿಸಿದ. ಎಂಜಿನ್ನಿನ ಮೈಗೆ ಗೇಣುದ್ದ ಬಿರುಕು. ರೇಡಿಯೇಟರಿನ ಕೊಳವೆಗಳ ತುಂಬ ಹಳದಿ ರಾಡಿ. "ಅರಿಶಿಣಪುಡಿ ಕಾಕಾ. ಸೋರೂ ರೇಡಿಯೇಟರಿಗೆ ಲಾರಿ ಮಂದಿ ಹಾಕ್ತಾರ. ಉಬ್ಬಿ ತೂತಿನಾಗ ಕುಂದರತೈತಿ, ಸೋರೂದು ನಿಲ್ಲತೈತಿ. ನಾಕ ದಿನ ಹೋದ ಮ್ಯಾಲೆ ನೀರ ಹರಿಯೂ ದಾರೀನೂ ಮುಚ್ಚತೈತಿ." ಅವತ್ತೇ ಯಾಕೆ ಹೇಳಲಿಲ್ಲ ಎಂದು ಅವನ ಕೊರಳಪಟ್ಟಿ ಹಿಡಿದೆ. ಅವನು ಬಿಡಿಸಿಕೊಳ್ಳಲಿಲ್ಲ. "ನೀವು ದೇವರ ಮಾತ ತಗದ್ರಿ. ಅದರಾಗ ನಾ ಹ್ಯಾಂಗ ಬಾಯಿ ಹಾಕ್ಲಿ, ನೀವ ಹೇಳ್ರಿ" ಅಂದ. ಕೈ ಬಿಟ್ಟೆ.

ಅಲ್ಲಿಂದ ನೇರವಾಗಿ ಬಸ್ಸು ಹತ್ತಿ ಖಾಸಬಾಗಕ್ಕೆ ಹೋದೆ. ಗುರುಪುತ್ರಪ್ಪ "ಬರ್ರಿ, ಕುಂದರ್ರಿ, ಚಹಾ ತಗೋರಿ" ಅಂದ. ಬಾಯಿಗೆ ಬಂದದ್ದೆಲ್ಲ ಬೈದೆ, ಅವನ ಅಜ್ಜನ ತನಕ ಹೋದೆ. ಅವನು ತಣ್ಣಗೆ ಕೇಳಿಸಿಕೊಂಡು "ಅದು ಭಂಡಾರ ಅಂತ ನಾ ಅಂದ್ನೇನ್ರಿ? ನೀವ ಕೈ ಮುಗದ್ರಿ. ನೀವು ಮುಗದ್ರಿ ಅಂತ ನಾನೂ ಮುಗದೆ" ಅಂದ. ತಮ್ಮಾ, ಅವನು ಹೇಳಿದ್ದು ಸುಳ್ಳಲ್ಲ. ಸುಳ್ಳಾಗಿದ್ದರೆ ಹೊಡೆದಾದರೂ ಬರುತ್ತಿದ್ದೆ.

ಎಂಜಿನ್ ಬೇರೆ ಕೂರಿಸಬೇಕು, ಅದು ಗಾಡಿಯ ಅರ್ಧ ಬೆಲೆಗಿಂತ ಹೆಚ್ಚು. ಬೆಸುಗೆ ಹಾಕಿದರೆ ನಿಲ್ಲುವುದಿಲ್ಲ ಎಂದು ಸಮದ ಆಣೆ ಮಾಡಿದ. ನೋಡಿ ಹೋದ ಗುಜರಿಯವನು ತೂಕದ ಮೇಲೆ ಕೇಳುತ್ತಿದ್ದಾನೆ, ಅದರಲ್ಲೂ ಸೀಟಿನ ಹತ್ತಿಯನ್ನು ಕಳೆದು. ನಾನು ಹೂಂ ಅಂದಿದ್ದೇನೆ. ಶನಿವಾರ ಒಯ್ಯುತ್ತಾನೆ. ಈಗ ನಾನು ಇಟ್ಟಿಗೆ ಭಟ್ಟಿಗೆ ಕಾವಲು ಹೋಗುತ್ತೇನೆ. ಬೇರೆಯವರು ಹೇಳಿದ ಹೊತ್ತಿಗೆ ಏಳುವುದು ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ.

ನೀನು ಬೈದು ಕಾಗದ ಬರೆ. ಬೈಯದೆ ಬರೆದರೆ ನಾನು ಓದುವುದಿಲ್ಲ. ಭರಮವ್ವ ನಿನ್ನನ್ನು ಕೇಳಿದ್ದಾಳೆಂದು ಬರೆಯಲು ಹೇಳಿದಳು. ಹುಡುಗಿಯರು ಕಾಲಿಗೆ ಬೀಳುತ್ತಾರೆ. ಮಾಯಕ್ಕ ಕಾಯಲಿ ಎಂದು ಬರೆಯಲು ಈ ಸಲ ಕೈ ಏಳುತ್ತಿಲ್ಲ. ಆದರೂ ನಿನ್ನನ್ನು ಕಾಯಲಿ.

ನಿನ್ನ ಅಣ್ಣ
ಸತ್ಯಪ್ಪ

ತಾ. ಕ. (ಪೋಸ್ಟಿನ ಕಟ್ಟೆಯ ಮೇಲೆ ಕುಳಿತು): ಪಲ್ಟನ್ನಿನ ಆ ಕಾಗದಕ್ಕೆ ಸಹಿ ಮಾಡು. ತಿಂಗಳ ಕೊನೆ ನೋಡಬೇಡ, ಇದು ಕೈಗೆ ಸಿಕ್ಕ ದಿನವೇ ಮಾಡು. ಜೂನಿನಲ್ಲಿ ಬರಬೇಡ. ಬಂದರೆ ನಿನ್ನ ಪಿಂಚಣಿಯ ಮೇಲೆ ಆರು ಹೊಟ್ಟೆ ಬೀಳುತ್ತವೆ, ಅದರಲ್ಲಿ ನನ್ನದೂ ಒಂದು. ಗಾಡಿ ಗ್ಯಾರೇಜಿನಲ್ಲಿದೆ, ನೀನು ಬರುವುದರೊಳಗೆ ರಿಪೇರಿಯಾಗುತ್ತದೆ ಎಂದು ಗಂಗಾದೇವಿ ತಿಳಿದಿದ್ದಾಳೆ. ಮೊನ್ನೆ ಡ್ರೈವರನ ಖಾಕಿ ಅಂಗಿಗೆಂದು ಬಟ್ಟೆ ತಂದು ಬಾಜಾರದ ಸಿಂಪಿಗನಿಗೆ ಕೊಟ್ಟು ಬಂದಳು, ಅಳತೆಗೆ ನಿನ್ನ ಹಳೆಯ ಅಂಗಿ. ಇವತ್ತು ಈ ಕಾಗದ ಪೆಟ್ಟಿಗೆಗೆ ಹಾಕಲು ಬರುವ ದಾರಿಯಲ್ಲಿ ಅವನ ಅಂಗಡಿಗೆ ಹೋಗಿ ಕತ್ತರಿ ಹಾಕಬೇಡ ಎಂದು ಹೇಳಿ ಬಂದೆ. ಅವಳಿಗೆ ಹೇಳುವುದು ನನ್ನಿಂದ ಆಗಲಿಲ್ಲ. ಅದನ್ನು ನೀನೇ ಬರೆ.