ಹಿಮದಲ್ಲಿ ಕುಳಿತವನು

ಬೈಲಹೊಂಗಲ,
೧೧ ಡಿಸೆಂಬರ್ ೨೦೨೪

ಪ್ರೀತಿಯ ಕಾಂತೇಶ ಅವರಿಗೆ ನಿಮ್ಮ ಹೆಂಡತಿ ಯಶೋಧಾಳ ನಮಸ್ಕಾರಗಳು.

ನಾನು ಕ್ಷೇಮ, ಬಲಗಾಲೊಂದನ್ನು ಬಿಟ್ಟು. ರಾಮದುರ್ಗದಲ್ಲಿ ನೀವೂ ಭಾಗ್ಯಾಳೂ ಚೆನ್ನಾಗಿದ್ದೀರೆಂದು ಕೇಳಿದೆ. ನಿಮ್ಮ ಫೋನು ನನ್ನ ನಂಬರನ್ನು ಒಲ್ಲೆನ್ನುತ್ತದೆ, ಅದಕ್ಕೇ ಶಾಲೆ ಬಿಟ್ಟ ಮೇಲೆ ಮೊದಲ ಸಲ ಪತ್ರ ಬರೆಯುತ್ತಿದ್ದೇನೆ. ತಪ್ಪಿದ್ದರೆ ನಗಬೇಡಿ.

ನಿಮ್ಮ ಚೀಟಿ ಮುಟ್ಟಿತು. ಮನೋಳಿಯ ಅಂದಾನೆಪ್ಪನವರು ದುರಸ್ತಿಗೆ ಕೊಟ್ಟ ಹಡಗಿನ ಚಿತ್ರ ಅಲ್ಲೇ ಉಳಿದಿದೆ, ಜೋಪಾನವಾಗಿ ಬಸ್ಸಿಗೆ ಹಾಕು, ಭಾನುವಾರ ಅವರು ಇಲ್ಲಿಗೆ ನೋಡಲು ಬರುತ್ತಾರೆ, ಮೂಲೆಯ ಮಸಿಯಷ್ಟೇ ಬಾಕಿ, ನೀನು ಕೈ ಹಚ್ಚಬೇಡ ಎಂದು ಬರೆದಿದ್ದಿರಿ. ಅದು ವಿಕ್ಟೋರಿಯಾ ರಾಣಿಯ ಕಾಲದ್ದು, ಅದು ಸರಿಯಾದರೆ ಅವರ ಅಳಿಯ ನಿಮಗೆ ಮ್ಯೂಸಿಯಮ್ಮಿನಲ್ಲಿ ಕೆಲಸ ಕೊಡಿಸುತ್ತಾನೆ ಎಂಬುದು ನನಗೂ ಗೊತ್ತು. ಆ ಆಸೆಯಲ್ಲಿ ನೀವು ನಿದ್ದೆ ಬಿಟ್ಟದ್ದನ್ನು ನೋಡಿದವಳು ನಾನೇ ಅಲ್ಲವೆ?

ಆ ಚಿತ್ರವನ್ನು ನನಗೆ ಅರ್ಥ ಮಾಡಿಸಿದವರು ನೀವು. ಉತ್ತರ ಧ್ರುವ ಹುಡುಕಲು ಹೊರಟ ಇಂಗ್ಲಿಷರ ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದಿದೆ. ನಾವಿಕರು ಹಡಗು ಬಿಟ್ಟು, ಒಂದು ದೋಣಿಗೆ ಹಗ್ಗ ಕಟ್ಟಿ ಹಿಮದ ಮೇಲೆ ಎಳೆದುಕೊಂಡು ಹೊರಟಿದ್ದಾರೆ. ಹಿಂದೆ ಒಬ್ಬ ಹಿಮದಲ್ಲಿ ಕುಳಿತು ಕೈ ಎತ್ತಿದ್ದಾನೆ. ಅವರನ್ನು ಕರೆಯುತ್ತಿದ್ದಾನೆ ಅಂದೆ ನಾನು. ನೀವು ನಕ್ಕು, ಅಲ್ಲ, ಹರಸಿ ಕಳಿಸುತ್ತಿದ್ದಾನೆ ಅಂದಿರಿ.

"ನಡಿಯಾಕ ಬರಲಾರದವನ್ನ ಹೊತಗೊಂಡ ಹೋದ್ರ ಎಲ್ಲಾರೂ ಸಾಯತಾರ," ಎಂದೂ ಹೇಳಿದಿರಿ. ಆಗ ನನಗೆ ಎರಡೂ ಕಾಲು ನೆಟ್ಟಗಿದ್ದವು.

ಆಮೇಲೆ ದೊಡವಾಡದ ರಸ್ತೆಯಲ್ಲಿ ನಿಮ್ಮ ಬೈಕಿನಿಂದ ಬಿದ್ದೆ. ನನ್ನ ಕಾಲಿಗೆ ಎಣ್ಣೆ ತಿಕ್ಕಲು ಬಂದ ಭಾಗ್ಯಾ ನಿಮಗೆ ಬಣ್ಣ ಕಲಸುವುದನ್ನು ಕಲಿತಳು. ನಾಗರಪಂಚಮಿಯ ಮರುದಿನ ನೀವು ಚೀಲ ಹಿಡಿದು ಬಾಗಿಲಲ್ಲಿ ನಿಂತು ಅದೇ ಮಾತನ್ನು ಮತ್ತೊಮ್ಮೆ ಹೇಳಿದಿರಿ. ಗೋಡೆಗೆ ಒರಗಿ ಕುಳಿತಿದ್ದ ನಾನು ಕೈ ಎತ್ತಿದೆ. ಹರಸಿದಳೆಂದು ತಿಳಿದಿರೇನೋ.

ಇರಲಿ, ಚಿತ್ರದ ವಿಷಯಕ್ಕೆ ಬರುತ್ತೇನೆ. ಮಸಿ ಹಿಡಿದದ್ದನ್ನು ಹಾಗೇ ಕಳಿಸಲು ಮನಸ್ಸಾಗಲಿಲ್ಲ. ನಿಮ್ಮ ಬಾಟಲಿಗಳ ಮೇಲಿನ ಇಂಗ್ಲಿಷ್ ನನಗೆ ಬಾರದು. ಆಕೆಗೇನು ತಿಳಿಯುತ್ತದೆ ಎಂದು ನೀವೇ ಓಣಿಗೆಲ್ಲ ಹೇಳಿದ್ದೀರಿ. ಸೋಡಾಪುಡಿ, ಹುಣಸೆಹಣ್ಣು, ತೆಂಗಿನ ನಾರು ತೆಗೆದುಕೊಂಡು ದೇವರ ಸಾಮಾನು ಬೆಳಗುವ ಹಾಗೆ ಬೆಳಗಿದೆ. ಮಸಿ ಹೋಯಿತು. ಹಡಗೂ ಹೋಯಿತು. ಹಗ್ಗ ಎಳೆಯುವವರು ಒಬ್ಬೊಬ್ಬರಾಗಿ ನಾರಿಗೆ ಹತ್ತಿಕೊಂಡು ಬಂದರು. ಕುಳಿತವನೊಬ್ಬ ಉಳಿದ. ಗಟ್ಟಿ ಜೀವವೆಂದು ಕಾಣುತ್ತದೆ.

ಕೆಳಗೆ ನಿಮ್ಮ ಹೆಸರಿರಲಿಲ್ಲ. ಬೋರ್ಡು ಬರೆಯುವ ಕಾಡಪ್ಪ ನಿಮ್ಮ ಮೇಲಿನ ಹಳೆಯ ಸಿಟ್ಟನ್ನೂ ಮರೆತು 'ದುರಸ್ತಿ: ಕಾಂತೇಶ, ರಾಮದುರ್ಗ' ಎಂದು ಕೆಂಪು ಬಣ್ಣದಲ್ಲಿ, ಫೋನ್ ನಂಬರಿನ ಸಹಿತ ಬರೆದುಕೊಟ್ಟ. ಅಕ್ಕಪಕ್ಕ ಎರಡು ಹೂವನ್ನೂ ಬಿಡಿಸಿದ. ಬಸ್ಸಿನಲ್ಲಿ ಎಲ್ಲಿ ಹಾಳಾಗುತ್ತದೋ ಎಂದು ಟಂಟಂ ರಿಕ್ಷಾ ಬಾಡಿಗೆ ಮಾಡಿಕೊಂಡು ನಿನ್ನೆ ನಾನೇ ಮನೋಳಿಗೆ ಒಯ್ದೆ.

ಅಂದಾನೆಪ್ಪನವರು ಹೊದಿಸಿದ ಬಟ್ಟೆ ಸರಿಸಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಇದನ್ನ ತೊಳದವರು ಯಾರವಾ?" ಅಂದರು.

"ನಮ್ಮ ಮನಿಯವರ ಕೆಲಸರಿ. ಕೆಳಗ ಹೆಸರ ಐತಿ ನೋಡ್ರಿ," ಅಂದೆ.

ಅವರ ತಾಯಿ ರಾಚವ್ವ ಆ ಹಡಗು ತೋರಿಸಿ ಅವರಿಗೆ ತುತ್ತು ಉಣಿಸುತ್ತಿದ್ದರಂತೆ. ಅಷ್ಟು ವಯಸ್ಸಾದವರು ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟರು. ಅವರ ಸಲುವಾಗಿ ನನಗೆ ಬಹಳ ಕೆಡುಕೆನಿಸಿತು, ನಿಮ್ಮ ಸಲುವಾಗಿ ಅಲ್ಲ. ಅವರು ಅಲ್ಲಿಂದಲೇ ಅಳಿಯನಿಗೆ ಫೋನ್ ಹಚ್ಚಿ, ಈ ಹೆಸರಿನವನನ್ನು ಯಾವ ಮ್ಯೂಸಿಯಮ್ಮಿನ ಹೊಸ್ತಿಲೂ ಹತ್ತಗೊಡಬೇಡ ಎಂದು ಹೇಳಿದರು.

ಇದೆಲ್ಲ ಹೆಂಡತಿಯ ಕೆಲಸ ಎಂದು ನೀವು ಹೇಳಬಹುದು. ಹೇಳಿ. ಆದರೆ ಯಶೋಧಾ ಎದ್ದು ನಿಲ್ಲಲಾರಳು, ಒಂದು ಚರಿಗೆ ನೀರೂ ಎತ್ತಲಾರಳು ಎಂದು ಅವರ ಮುಂದೆ ಹೇಳಿ ಅಯ್ಯೋ ಪಾಪ ಅನ್ನಿಸಿಕೊಂಡವರು ನೀವೇ. ನಿಮ್ಮ ಮಾತು ಸುಳ್ಳಾಗಬಾರದೆಂದು ನಾನು ಟಂಟಂನಿಂದ ಕೆಳಗಿಳಿಯಲೇ ಇಲ್ಲ.

ಚಿತ್ರದ ಬದಲು ಈ ಪತ್ರವನ್ನು ಬಸ್ಸಿಗೆ ಹಾಕುತ್ತಿದ್ದೇನೆ. ಭಾನುವಾರ ಅಂದಾನೆಪ್ಪನವರು ಬರುವುದಂತೂ ಖರೆ, ಜೊತೆಗೆ ಅವರ ಇಬ್ಬರು ಗಂಡುಮಕ್ಕಳೂ ಬರುತ್ತಾರಂತೆ. ಚಹಾಕ್ಕೆ ಹಾಲು ಹೆಚ್ಚು ತರಿಸಲು ಭಾಗ್ಯಾಳಿಗೆ ಹೇಳಿ.

ಇಂದಿಗೂ ನಿಮ್ಮ ಮನೆಯವಳು,
ಯಶೋಧಾ

ತಾ.ಕ.: ದೀಪಾವಳಿಯಿಂದ ನಾನು ಕೋಲಿಲ್ಲದೆ ನಡೆಯುತ್ತಿದ್ದೇನೆ. ಇನ್ನೂ ಯಾರಿಗೂ ಹೇಳಿಲ್ಲ, ನಿಮಗೇ ಮೊದಲು. ಚಿತ್ರವನ್ನು ಹಿತ್ತಲಿನ ಒಗೆಯುವ ಕಲ್ಲಿಗೆ ಹೊತ್ತೊಯ್ದವಳು ನಾನೇ, ನಿಂತುಕೊಂಡೇ ತಿಕ್ಕಿದೆ. ತಿಕ್ಕುವ ಮುಂಚೆ, ಆ ಕುಳಿತವನ ಮೇಲೆ ನಮ್ಮ ಮದುವೆಗೆ ಬಂದ ಪಲ್ಯದ ಸ್ಟೀಲ್ ವಾಟಿಯನ್ನು ಬೋರಲು ಹಾಕಿ, ಮುಗಿಯುವವರೆಗೂ ಎಡಗೈಯಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದಿದ್ದೆ.